ಇಳಿದ ತೂಕ ಮತ್ತೆ ಏರದಂತೆ: ನನ್ನ ಅನುಭವ

ಆಹಾರದ ಬಗ್ಗೆ ಸಲಹೆ ಕೊಡುವುದು ನನ್ನ ವೃತ್ತಿ. ನಲವತ್ತು ದಾಟಿದ ಮೇಲೆ ನನ್ನ ಸೊಂಟದ ಸುತ್ತಳತೆ ಎತ್ತರದ ಅರ್ಧವನ್ನು ಮೀರಿತು. ಖಾಲಿ ಹೊಟ್ಟೆಯ ರಕ್ತಪರೀಕ್ಷೆಯಲ್ಲಿ ಗ್ಲೂಕೋಸ್ ಪ್ರಮಾಣ ಡೆಸಿಲೀಟರಿಗೆ 100 ಮಿಲಿಗ್ರಾಂ ದಾಟಿ, ಮಧುಮೇಹ ಎನ್ನಲಾಗದ, ಆದರೆ ಸಹಜ ಎಂದೂ ಹೇಳಲಾಗದ ಮಟ್ಟಕ್ಕೆ ಬಂದಿತು. ಇತರರಿಗೆ ಬರೆದುಕೊಡುತ್ತಿದ್ದ ಆಹಾರಕ್ರಮವನ್ನು ನನಗೇ ಬರೆದುಕೊಳ್ಳಬೇಕಾಯಿತು. ಬರೆಯುವ ಮುನ್ನ ಒಂದೇ ಒಂದು ಷರತ್ತು ಹಾಕಿಕೊಂಡೆ: ಅರವತ್ತು ತುಂಬಿದಾಗಲೂ ಮಾಡುತ್ತಿರಬಲ್ಲೆ ಎನಿಸದ ಯಾವುದನ್ನೂ ಈಗ ಆರಂಭಿಸಬಾರದು. ತೂಕ ಇಳಿಸುವ ದಾರಿಗಳು ನೂರಾರಿವೆ, ಅವುಗಳಲ್ಲಿ ಬಹುಪಾಲು ಮೊದಲ ಕೆಲವು ತಿಂಗಳು ಫಲ ಕೊಡುತ್ತವೆ. ಹಾಗೆ ಇಳಿದದ್ದು ವರ್ಷ ಎರಡು ವರ್ಷಗಳಲ್ಲಿ ಮರಳಿ ಬರುವುದನ್ನು ನನ್ನ ಬಳಿ ಬರುವವರಲ್ಲಿ ಸಾಕಷ್ಟು ಕಂಡಿದ್ದೆ. ಆದ್ದರಿಂದ ಇಳಿದ ಮೇಲೆ ಹೇಗೆ ಉಣ್ಣಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಇಳಿಸುವ ಮಾತನ್ನು ಆಮೇಲೆ ಎತ್ತಿಕೊಂಡೆ.

ಎಷ್ಟು ಇಳಿಸಬೇಕು ಎಂಬುದಕ್ಕೆ ಕನ್ನಡಿಯನ್ನೋ ಹಳೆಯ ಬಟ್ಟೆಯನ್ನೋ ಅಳತೆಗೋಲಾಗಿ ಇಟ್ಟುಕೊಳ್ಳುವವರೇ ಹೆಚ್ಚು. ನಾನು ಹಿಡಿದುಕೊಂಡದ್ದು 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಮಧುಮೇಹವನ್ನು ತಡೆಯುವ ಬಗೆಗಿನ ದೊಡ್ಡ ಅಧ್ಯಯನವೊಂದರ ಅಂಕಿಯನ್ನು. ಮಧುಮೇಹದ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ವಯಸ್ಕರು ಅದರಲ್ಲಿದ್ದರು. ದೇಹತೂಕದಲ್ಲಿ ಶೇ 7ರಷ್ಟನ್ನು ಇಳಿಸಿ, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವ ಗುರಿಯನ್ನು ಪಡೆದ ಗುಂಪಿನಲ್ಲಿ ಮಧುಮೇಹ ಬರುವ ಪ್ರಮಾಣ ಶೇ 58ರಷ್ಟು ತಗ್ಗಿತ್ತು. ರಕ್ತದ ಸಕ್ಕರೆ ತಗ್ಗಿಸುವ ಮೆಟ್‌ಫಾರ್ಮಿನ್ ಮಾತ್ರೆ ಪಡೆದವರಲ್ಲಿ ಅದು ಶೇ 31ರಷ್ಟು ತಗ್ಗಿತ್ತು. 80 ಕಿಲೋ ತೂಗುವವರಿಗೆ ಶೇ 7 ಎಂದರೆ ಐದೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು. ಬಂಧುಗಳ ಕಣ್ಣಿಗೆ ಬೀಳದಷ್ಟು ಸಣ್ಣ ಇಳಿಕೆ ಇದು, ಆದರೆ ರಕ್ತದ ಸಕ್ಕರೆಗೂ ರಕ್ತದೊತ್ತಡಕ್ಕೂ ಅದು ಗೊತ್ತಾಗುತ್ತದೆ. ಮೊದಲ ಗುರಿಯಾಗಿ ನನಗೆ ಅಷ್ಟು ಸಾಕಾಗಿತ್ತು.

ಮೊದಲ ವಾರ ಊಟದಲ್ಲಿ ಯಾವ ಬದಲಾವಣೆಯನ್ನೂ ಮಾಡದೆ, ತಿಂದದ್ದನ್ನೆಲ್ಲ ಬರೆದಿಡುತ್ತಾ ಹೋದೆ. ಇದು ಬೇಸರದ ಕೆಲಸವೆಂದು ನನ್ನ ಬಳಿ ಬರುವವರು ದೂರುವುದುಂಟು, ಬೇಸರವೇನೋ ಹೌದು. ಆದರೆ ಬರೆಯದೆ ಯಾರಿಗೂ ತಿಳಿಯುವುದಿಲ್ಲ. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅವರು ಹೇಳಿದ ಲೆಕ್ಕವನ್ನು ದೇಹವು ನಿಜವಾಗಿ ವ್ಯಯಿಸಿದ ಶಕ್ತಿಯ ಅಳತೆಯೊಂದಿಗೆ ಹೋಲಿಸಿ ನೋಡಿದರು. ತಿಂದದ್ದನ್ನು ಅವರು ಸರಾಸರಿ ಶೇ 47ರಷ್ಟು ಕಡಿಮೆಯಾಗಿಯೂ, ಓಡಾಟವನ್ನು ಶೇ 51ರಷ್ಟು ಹೆಚ್ಚಾಗಿಯೂ ಹೇಳಿದ್ದರು. ಅವರ ಚಯಾಪಚಯದಲ್ಲಿ ಮಾತ್ರ ಯಾವ ಕೊರತೆಯೂ ಕಾಣಲಿಲ್ಲ. ಇದನ್ನು ಸುಳ್ಳು ಎಂದು ನಾನು ಕರೆಯುವುದಿಲ್ಲ. ಅಡುಗೆ ಮಾಡುವಾಗ ನೋಡಿದ ರುಚಿ, ತಟ್ಟೆಯಲ್ಲಿ ಮಕ್ಕಳು ಬಿಟ್ಟದ್ದು, ಮಾತಿನ ನಡುವೆ ಕೈಗೆ ಬಂದ ಹಿಡಿ ಕುರುಕಲು, ಇವು ಯಾವುವೂ ಊಟವೆಂದು ಮನಸ್ಸಿನಲ್ಲಿ ದಾಖಲಾಗುವುದೇ ಇಲ್ಲ. ಆದ್ದರಿಂದ ತಿಂದ ಮೇಲೆ ನೆನಪಿಸಿಕೊಂಡು ಬರೆಯುವುದನ್ನು ಬಿಟ್ಟು, ಬಾಯಿಗಿಡುವ ಮೊದಲೇ ಬರೆಯುವ ರೂಢಿ ಮಾಡಿಕೊಂಡೆ. ಬರೆಯಬೇಕಲ್ಲ ಎಂಬ ಸೋಮಾರಿತನಕ್ಕೇ ಕೆಲವು ತುತ್ತುಗಳು ತಪ್ಪಿದವು.

ಎಣ್ಣೆಯನ್ನು ಮಾತ್ರ ಬರೆದು ಹಿಡಿಯಲಾಗುವುದಿಲ್ಲ, ಏಕೆಂದರೆ ಅದು ತಟ್ಟೆಯಲ್ಲಿ ಕಾಣುವುದಿಲ್ಲ. ಅದಕ್ಕೆ ಬೇರೆ ಉಪಾಯ ಹೂಡಿದೆ. ವಾರದ ಆರಂಭದಲ್ಲಿ ಎಣ್ಣೆಯ ಬಾಟಲಿಯನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ತೂಗಿ, ಅಂಕಿಯನ್ನು ಬಾಟಲಿಯ ಮೇಲೆಯೇ ಬರೆದೆ. ವಾರದ ಕೊನೆಗೆ ಮತ್ತೆ ತೂಗಿ, ವ್ಯತ್ಯಾಸವನ್ನು ಉಣ್ಣುವವರ ಸಂಖ್ಯೆಯಿಂದಲೂ ಏಳರಿಂದಲೂ ಭಾಗಿಸಿದೆ. ತಲೆಗೆ ದಿನಕ್ಕೆ ಸುಮಾರು 50 ಗ್ರಾಂ ಬಂದಿತು. ಪ್ರೋಟೀನಾಗಲಿ ಪಿಷ್ಟವಾಗಲಿ ಗ್ರಾಮಿಗೆ ಸುಮಾರು 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ, ಎಂದರೆ ದಿನಕ್ಕೆ 450 ಕ್ಯಾಲೊರಿ ಯಾರ ಗಮನಕ್ಕೂ ಬಾರದೆ ಹೊಟ್ಟೆ ಸೇರುತ್ತಿತ್ತು. ಬಾಟಲಿಯಿಂದ ನೇರವಾಗಿ ಸುರಿಯುವುದನ್ನು ನಿಲ್ಲಿಸಿ ಚಮಚದಲ್ಲಿ ಅಳೆದು ಹಾಕುವುದು, ತಳ ದಪ್ಪವಿರುವ ಅಗಲ ಪಾತ್ರೆಯನ್ನು ಬಳಸುವುದು, ತರಕಾರಿ ತಳ ಹಿಡಿಯುವಾಗ ಎಣ್ಣೆಯ ಬದಲು ನೀರು ಚಿಮುಕಿಸಿ ಮುಚ್ಚಳ ಹಾಕುವುದು, ಇಷ್ಟರಿಂದಲೇ ಅದು ಅರ್ಧಕ್ಕೆ ಬಂದಿತು. ಮನೆಯಲ್ಲಿ ಯಾರೂ ರುಚಿ ಕೆಟ್ಟಿತೆಂದು ಹೇಳಲಿಲ್ಲ. ದಿನಕ್ಕೆ 200 ಕ್ಯಾಲೊರಿಗೂ ಹೆಚ್ಚು ಉಳಿತಾಯ, ಒಂದು ತುತ್ತೂ ಕಡಿಮೆಯಾಗದೆ. ಯಾರೇ ಬಂದು ಕೇಳಿದರೂ ನಾನು ಈಗ ಮೊದಲು ಹೇಳುವುದು ಬಾಟಲಿ ತೂಗಿ ಎಂದೇ.

ಒಂದು ತುತ್ತೂ ಕಡಿಮೆಯಾಗದೆ ಎಂದದ್ದಕ್ಕೆ ಕಾರಣವಿದೆ. ತೂಕ ಇಳಿದಂತೆ ದೇಹದ ಶಕ್ತಿವ್ಯಯವೂ ಕುಗ್ಗುತ್ತದೆ ಎಂಬುದು ಈಗ ಬಹಳ ಮಂದಿಗೆ ಗೊತ್ತು. ಹಸಿವು ಎಷ್ಟು ಏರುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. 2016ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಇಳಿದ ಪ್ರತಿ ಕಿಲೋಗೆ ದೇಹದ ವ್ಯಯ ದಿನಕ್ಕೆ 20ರಿಂದ 30 ಕ್ಯಾಲೊರಿಯಷ್ಟು ತಗ್ಗಿದರೆ, ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚುತ್ತದೆ. ಐದು ಕಿಲೋ ಇಳಿಸಿದವರು ಮೊದಲಿಗಿಂತ 500 ಕ್ಯಾಲೊರಿಯಷ್ಟು ಹೆಚ್ಚಿನ ಹಸಿವನ್ನು ದಿನವೂ ಎದುರಿಸಬೇಕೆಂದಾಯಿತು. 1944–45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಮತ್ತು ಸಹೋದ್ಯೋಗಿಗಳು 36 ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟಾಗ, ಆ ಆರೋಗ್ಯವಂತ ಸ್ವಯಂಸೇವಕರಿಗೆ ಊಟದ ಹೊರತು ಬೇರೆ ಯೋಚನೆಯೇ ಇಲ್ಲದಂತಾಯಿತು. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ತೂಕ ಮರಳಿ ಬಂದವರನ್ನು ಬಾಯಿಚಪಲದವರು, ಮನಸ್ಸು ಗಟ್ಟಿಯಿಲ್ಲದವರು ಎಂದು ಬಯ್ಯುವುದು ನನಗೆ ಅನ್ಯಾಯವಾಗಿ ಕಾಣುವುದು ಇದರಿಂದಲೇ. ಹಸಿವಿನೊಡನೆ ವರ್ಷಗಟ್ಟಲೆ ಕುಸ್ತಿ ಹಿಡಿದು ಗೆಲ್ಲುವವರು ತೀರ ಕಡಿಮೆ. ಹಾಗಾಗಿ ನನ್ನ ಊಟದಲ್ಲಿ ಏನನ್ನು ಬದಲಿಸಬೇಕೆಂದು ಯೋಚಿಸುವಾಗ, ಇದರಿಂದ ಎಷ್ಟು ಕ್ಯಾಲೊರಿ ಉಳಿಯುತ್ತದೆ ಎಂಬ ಪ್ರಶ್ನೆಯ ಪಕ್ಕದಲ್ಲೇ, ಮೂರು ಗಂಟೆಯ ನಂತರ ಹೊಟ್ಟೆ ಏನು ಹೇಳುತ್ತದೆ ಎಂಬುದನ್ನೂ ಬರೆದುಕೊಳ್ಳುತ್ತಿದ್ದೆ.

ಆ ಎರಡನೆಯ ಅಂಕಣ ನೋಡುತ್ತಾ ಹೋದಂತೆ ಬೆಳಗಿನ ಉಪಾಹಾರವೇ ನನ್ನ ದುರ್ಬಲ ಜಾಗವೆಂದು ತಿಳಿಯಿತು. ಪಿಷ್ಟವೇ ಪ್ರಧಾನವಾಗಿದ್ದ ಉಪಾಹಾರದ ದಿನ ಹನ್ನೊಂದು ಗಂಟೆಗೇ ಹಸಿವು, ಪ್ರೋಟೀನ್ ಸಾಕಷ್ಟಿದ್ದ ದಿನ ಮಧ್ಯಾಹ್ನದವರೆಗೆ ನಿರಾಳ. ಪ್ರೋಟೀನ್ ಹೊಟ್ಟೆ ತುಂಬಿದ ಭಾವವನ್ನು ಹೆಚ್ಚು ಹೊತ್ತು ಉಳಿಸುತ್ತದೆ, ಅದನ್ನು ಜೀರ್ಣಿಸಿ ಬಳಸುವುದಕ್ಕೇ ಅದರ ಶಕ್ತಿಯಲ್ಲಿ ಶೇ 20ರಿಂದ 30ರಷ್ಟು ವ್ಯಯವಾಗುತ್ತದೆ, ತೂಕ ಇಳಿಯುವಾಗ ಸ್ನಾಯು ಕರಗದಂತೆಯೂ ಅದು ನೆರವಾಗುತ್ತದೆ. ವಯಸ್ಕರಿಗೆ ದೇಹತೂಕದ ಕಿಲೋಗೆ 0.83 ಗ್ರಾಂ ಸಾಕೆಂಬುದು ಸಾಮಾನ್ಯ ಶಿಫಾರಸು; ಇಳಿಸುವ ಅವಧಿಯಲ್ಲಿ ನಾನು ಅದನ್ನು 1.2 ಗ್ರಾಮಿಗೆ ಏರಿಸಿ, ಮೂರು ಹೊತ್ತಿಗೂ ಹೆಚ್ಚು ಕಡಿಮೆ ಸಮವಾಗಿ ಹಂಚಿದೆ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು. ಕಾಳು, ಬೇಳೆ, ಹಾಲು, ಮೊಸರು, ಮೊಟ್ಟೆ, ಮೀನು, ಅವರವರಿಗೆ ಒಗ್ಗುವುದು ಯಾವುದಾದರೂ ಸರಿ. ಕಡಲೆಕಾಯಿ, ಬಾದಾಮಿಗಳಲ್ಲಿ ಪ್ರೋಟೀನ್ ಇದೆಯಾದರೂ ಕೊಬ್ಬು ಅದಕ್ಕಿಂತ ಹೆಚ್ಚಿರುವುದರಿಂದ ಡಬ್ಬಿಯಿಂದ ನೇರವಾಗಿ ತಿನ್ನದೆ ಹಿಡಿಯಷ್ಟನ್ನು ಬಟ್ಟಲಿಗೆ ಹಾಕಿಕೊಂಡು ಡಬ್ಬಿಯನ್ನು ಮುಚ್ಚಿಡುತ್ತೇನೆ.

ಬಡಿಸಿಕೊಳ್ಳುವ ಕ್ರಮವನ್ನೂ ಬದಲಿಸಿದೆ. ಮೊದಲು ಅರ್ಧ ತಟ್ಟೆಯಷ್ಟು ತರಕಾರಿ, ಆಮೇಲೆ ಪ್ರೋಟೀನ್ ಇರುವ ಪದಾರ್ಥ, ಕೊನೆಗೆ ಉಳಿದ ಜಾಗದಲ್ಲಿ ಧಾನ್ಯ. ಧಾನ್ಯವನ್ನು ಮೊದಲು ಹಾಕಿಕೊಂಡರೆ ತಟ್ಟೆಯ ಮುಕ್ಕಾಲು ಅದೇ ಆಗುತ್ತದೆ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೂಗಿ ನೋಡುವವರೆಗೂ ಅದು ದೊಡ್ಡ ಪ್ರಮಾಣವೆನಿಸುತ್ತದೆ, ತೂಗಿದ ಮೇಲೆ ಎರಡು ಹೊತ್ತಿನ ಊಟದಲ್ಲಿ ಸುಲಭವಾಗಿ ಮುಗಿಯುವಷ್ಟೇ ಎಂದು ಗೊತ್ತಾಗುತ್ತದೆ. ಸಕ್ಕರೆಯದು ಚಿಕ್ಕ ಮಾತು. ಚಮಚಕ್ಕೆ 4 ಗ್ರಾಂ, ಎರಡೆರಡು ಚಮಚದಂತೆ ನಾಲ್ಕು ಲೋಟವಾದರೆ 32 ಗ್ರಾಂ. ಎರಡು ಸಾವಿರ ಕ್ಯಾಲೊರಿ ಉಣ್ಣುವವರಿಗೆ ಸಂಸ್ಥೆಯ 2015ರ ಮಾರ್ಗಸೂಚಿಯ ಮಿತಿ 50 ಗ್ರಾಂ, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಒಮ್ಮೆಲೇ ಬಿಡದೆ ಕಾಲು ಚಮಚದಂತೆ ತಗ್ಗಿಸುತ್ತಾ ಬಂದೆ, ನಾಲಿಗೆ ಜಗಳವಾಡಲಿಲ್ಲ.

ತೂಕದ ಯಂತ್ರವನ್ನು ನಂಬುವ ರೀತಿಯೇ ಬೇರೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಗ್ಲೈಕೋಜೆನ್ ಎಂಬ ಪಿಷ್ಟ ತನ್ನ ಪ್ರತಿ ಗ್ರಾಮಿಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆಯಾದೊಡನೆ ಆ ಸಂಗ್ರಹ ಕರಗಿ ನೀರು ಹೊರಹೋಗುವುದರಿಂದಲೇ ಯಾವ ಆಹಾರಕ್ರಮದಲ್ಲಾದರೂ ಮೊದಲ ವಾರಗಳಲ್ಲಿ ಎರಡು ಕಿಲೋ ಸರಸರನೆ ಇಳಿಯುವುದು. ಜಾಹೀರಾತುಗಳು ಬದುಕಿರುವುದೂ ಈ ನೀರಿನ ಮೇಲೆಯೇ. ಉಪ್ಪು ಹೆಚ್ಚಾದ ಊಟ, ಮಲಬದ್ಧತೆ, ಮಹಿಳೆಯರಲ್ಲಿ ಮುಟ್ಟಿನ ಚಕ್ರ, ಇವುಗಳಿಂದ ದಿನದಿಂದ ದಿನಕ್ಕೆ ಒಂದೆರಡು ಕಿಲೋ ಹೆಚ್ಚು ಕಡಿಮೆಯಾಗುವುದು ಸಹಜ. ಪ್ರತಿದಿನ ಬೆಳಗ್ಗೆ ಶೌಚ ಮುಗಿಸಿ, ಏನನ್ನೂ ಕುಡಿಯುವ ಮೊದಲು ತೂಗುತ್ತಿದ್ದೆನಾದರೂ, ತೀರ್ಮಾನಗಳಿಗೆ ಏಳು ದಿನಗಳ ಸರಾಸರಿಯನ್ನು ಮಾತ್ರ ಬಳಸುತ್ತಿದ್ದೆ. ಆ ದಿನದ ಅಂಕಿ ನೋಡಿ ಆ ದಿನದ ಊಟವನ್ನು ಬದಲಿಸಬಾರದು ಎಂಬುದು ಕಟ್ಟುನಿಟ್ಟಾಗಿತ್ತು. ತೂಗಿಕೊಂಡರೆ ದಿನವಿಡೀ ಮನಸ್ಸು ಕದಡುವವರು ಯಂತ್ರವನ್ನು ಬಿಟ್ಟು, ಎರಡು ವಾರಕ್ಕೊಮ್ಮೆ ಟೇಪಿನಿಂದ ಸೊಂಟ ಅಳೆದರೆ ಸಾಕು.

ಸರಾಸರಿಯೂ ಒಂದು ಹಂತದಲ್ಲಿ ಅಲುಗಾಡದೆ ನಿಂತಿತು. ಒಂದು ಕಿಲೋ ಕೊಬ್ಬಿಗೆ 7,700 ಕ್ಯಾಲೊರಿ, ಆದ್ದರಿಂದ ದಿನಕ್ಕೆ ಇಷ್ಟು ಉಳಿಸಿದರೆ ವರ್ಷಕ್ಕೆ ಇಷ್ಟು ಇಳಿಕೆ ಎಂಬ ಗುಣಾಕಾರ ಕಾಗದದ ಮೇಲೆ ಮಾತ್ರ ನಡೆಯುತ್ತದೆ. ಹಗುರವಾದ ದೇಹ ಕಡಿಮೆ ವ್ಯಯಿಸುವುದರಿಂದ ಉಳಿತಾಯ ತಾನಾಗಿಯೇ ಕರಗುತ್ತಾ ಬರುತ್ತದೆ. ಇಂಥ ಹೊತ್ತಿನಲ್ಲಿ ಇನ್ನಷ್ಟು ಕಡಿಮೆ ಉಣ್ಣುವುದು ಎಲ್ಲರೂ ಹಿಡಿಯುವ ದಾರಿ. ನಾನು ಇಳಿಸುವುದನ್ನೇ ಕೆಲವು ವಾರ ನಿಲ್ಲಿಸಿ, ಇದ್ದ ತೂಕವನ್ನು ಹಾಗೆಯೇ ಕಾಯ್ದುಕೊಳ್ಳುವುದನ್ನು ಅಭ್ಯಾಸ ಮಾಡಿದೆ. ಮುಂದೆ ಬಾಳಪೂರ್ತಿ ಮಾಡಬೇಕಾದ ಕೆಲಸಕ್ಕೆ ಅದು ತಾಲೀಮು. ಅದಾದ ಮೇಲೆ ಉಳಿದ ಇಳಿಕೆಗೆ ಮತ್ತೆ ಕೈಹಾಕಿದೆ.

ನಡಿಗೆಯ ವಿಷಯದಲ್ಲಿ ನಿರೀಕ್ಷೆಗಳು ವಿಪರೀತ. ಒಂದು ಗಂಟೆ ಚುರುಕಾಗಿ ನಡೆದರೆ ಮಧ್ಯಮ ತೂಕದವರು ವ್ಯಯಿಸುವುದು ಹೆಚ್ಚೆಂದರೆ 300 ಕ್ಯಾಲೊರಿ, ಕರಿದ ತಿಂಡಿಯ ಸಣ್ಣ ತಟ್ಟೆಯೊಂದು ಅದನ್ನು ಐದು ನಿಮಿಷದಲ್ಲಿ ಹಿಂದಿರುಗಿಸುತ್ತದೆ. ಹಾಗೆಂದು ನಡಿಗೆಯನ್ನು ಬಿಡಲಿಲ್ಲ. ಇಳಿಸುವಾಗ ಅದರ ಪಾಲು ಚಿಕ್ಕದಾದರೂ ಇಳಿದದ್ದನ್ನು ಕಾಯುವಾಗ ಅದರ ಪಾಲು ದೊಡ್ಡದು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ರಕ್ತದ ಸಕ್ಕರೆಯ ಏರಿಕೆಯೂ ತಗ್ಗುತ್ತದೆ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಬಲದ ವ್ಯಾಯಾಮ: ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ತಳ್ಳುವುದು, ಭಾರದ ಚೀಲ ಹಿಡಿದು ನಡೆಯುವುದು.

ನಿದ್ರೆಯನ್ನು ಆಹಾರಕ್ರಮದ ಭಾಗವೆಂದು ಜನ ಒಪ್ಪುವುದು ಕಷ್ಟ. ರಾತ್ರಿ ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ ವಯಸ್ಕರಿಗೆ ನಿದ್ರೆಯ ಬಗ್ಗೆ ಸಲಹೆ ಕೊಟ್ಟು ಸುಮಾರು 1.2 ಗಂಟೆ ಹೆಚ್ಚು ಮಲಗುವಂತೆ ಮಾಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಊಟದ ಬಗ್ಗೆ ಅವರಿಗೆ ಏನನ್ನೂ ಹೇಳದಿದ್ದರೂ, ಹಾಗೆಯೇ ಬಿಟ್ಟ ಗುಂಪಿಗೆ ಹೋಲಿಸಿದರೆ ಅವರ ಸೇವನೆ ದಿನಕ್ಕೆ ಸುಮಾರು 270 ಕ್ಯಾಲೊರಿಯಷ್ಟು ಕಡಿಮೆಯಾಗಿತ್ತು. ನನ್ನ ಮಟ್ಟಿಗೆ ಮಲಗುವ ಹೊತ್ತನ್ನು ಹಿಂದಕ್ಕೆ ತಂದದ್ದರಿಂದ ರಾತ್ರಿ ಹತ್ತರ ಮೇಲಿನ ಕುರುಕಲು ತಾನಾಗಿಯೇ ನಿಂತಿತು.

ಇದೆಲ್ಲವನ್ನೂ ಒಬ್ಬರೇ ಮಾಡಿಕೊಳ್ಳಬಾರದವರೂ ಇದ್ದಾರೆ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ತೂಕ ಇಳಿದಂತೆ ಔಷಧಿಯ ಪ್ರಮಾಣವನ್ನೂ ಬದಲಿಸಬೇಕಾಗಬಹುದು. ಗರ್ಭಿಣಿಯರು, ಊಟದ ವಿಷಯದಲ್ಲಿ ಹಿಂದೆ ಮಾನಸಿಕವಾಗಿ ನರಳಿದವರು ವೈದ್ಯರ ಜೊತೆಯಲ್ಲಿಯೇ ಮುಂದುವರಿಯಬೇಕು. ಏನನ್ನೂ ಮಾಡದೆ ತೂಕ ಇಳಿಯುತ್ತಿದ್ದರಂತೂ ಸಂತೋಷಪಡದೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಗುರಿ ಮುಟ್ಟಿದ ಮೇಲೆ ಊಟ ಬರೆಯುವುದನ್ನು ನಿಲ್ಲಿಸಿದೆ, ತೂಗುವುದನ್ನು ಉಳಿಸಿಕೊಂಡೆ. ಮುಟ್ಟಿದ ತೂಕಕ್ಕಿಂತ ಎರಡು ಕಿಲೋ ಮೇಲೆ ಪುಸ್ತಕದಲ್ಲಿ ಒಂದು ಗೆರೆ ಎಳೆದಿದ್ದೇನೆ. ಹಬ್ಬ, ಮದುವೆ, ಪ್ರಯಾಣಗಳಲ್ಲಿ ಎಲ್ಲರಂತೆ ಉಣ್ಣುತ್ತೇನೆ, ಮರುದಿನ ಅದಕ್ಕೆ ಪರಿಹಾರವೆಂದು ಉಪವಾಸ ಮಾಡುವುದಿಲ್ಲ. ಮುಂದಿನ ಹೊತ್ತಿನ ಊಟ ಎಂದಿನಂತೆ ಅರ್ಧ ತಟ್ಟೆ ತರಕಾರಿಯಿಂದ ಆರಂಭವಾಗುತ್ತದೆ. ವಾರದ ಸರಾಸರಿ ಆ ಗೆರೆಯನ್ನು ದಾಟಿದರೆ ಮಾತ್ರ ಎರಡು ವಾರ ಊಟ ಬರೆಯುವುದಕ್ಕೆ ಮರಳುತ್ತೇನೆ, ಎಣ್ಣೆಯ ಬಾಟಲಿಯನ್ನೂ ತೂಗುತ್ತೇನೆ. ದಾಟಿದಾಗಲೆಲ್ಲ ಕಾರಣ ಸಿಕ್ಕಿರುವುದು ಬಹುಮಟ್ಟಿಗೆ ಎರಡೇ ಕಡೆ: ಒಂದೋ ಅಡುಗೆಮನೆಯಲ್ಲಿ ಚಮಚ ಬಿಟ್ಟು ಬಾಟಲಿಯಿಂದ ಸುರಿಯುವುದು ಮತ್ತೆ ಶುರುವಾಗಿರುತ್ತದೆ, ಇಲ್ಲವೇ ಉಪಾಹಾರದಲ್ಲಿ ಪ್ರೋಟೀನ್ ತಪ್ಪಿರುತ್ತದೆ.