‘ಸಂಸ್ಕಾರ’ ಓದುವಾಗ ಆಯ್ಕೆ ಅನ್ನೋದನ್ನ ಎಲ್ಲೆಲ್ಲಿ ಹುಡುಕ್ಬೇಕು

ಅನಂತಮೂರ್ತಿಯವರ ‘ಸಂಸ್ಕಾರ’ ಅಸ್ತಿತ್ವವಾದಿ ಕಾದಂಬರಿ ಅಂತ ಕನ್ನಡ ಎಂಎ ಮಾಡಿದವರೆಲ್ಲ ಒಂದಲ್ಲ ಒಂದು ಸಲ ಪರೀಕ್ಷೆಲಿ ಬರೆದಿರ್ತಾರೆ, ಆದ್ರೆ ಎಲ್ಲಿ, ಯಾವ ಪುಟದಲ್ಲಿ, ಯಾರು ಏನು ಆಯ್ಕೆ ಮಾಡಿದ್ರು ಅಂತ ಕೇಳಿದ್ರೆ ಮಾತು ನೇರವಾಗಿ ನಾಯಕ ಪ್ರಾಣೇಶಾಚಾರ್ಯರು ಚಂದ್ರಿ ಅನ್ನೋ ಹೆಂಗಸಿನ ಜೊತೆ ಕೂಡೋ ಕಾಡಿನ ರಾತ್ರಿಗೆ ಹೋಗಿ ಅಲ್ಲೇ ನಿಂತ್ಬಿಡುತ್ತೆ. ನನ್ನ ಪ್ರಕಾರ ಆ ರಾತ್ರಿ ಆಯ್ಕೆಯೇ ಅಲ್ಲ. ಆಯ್ಕೆ ಇರೋದು ಅದಕ್ಕಿಂತ ಮುಂಚೆ ಮತ್ತೆ ಅದಾದ್ಮೇಲೆ. ಅದನ್ನ ಹಿಡಿಯೋದಕ್ಕೆ ಒಂದು ಪೆನ್ಸಿಲ್ ಇಟ್ಕೊಂಡು ಹೇಗೆ ಓದ್ಬಹುದು ಅಂತ ಹೇಳ್ತೀನಿ.

ಮೊದಲು ಸ್ವಲ್ಪ ಥಿಯರಿ, ಜಾಸ್ತಿ ಬೇಡ. ಅಸ್ತಿತ್ವವಾದದ ಫ್ರೆಂಚ್ ತತ್ವಜ್ಞಾನಿ ಸಾರ್ತ್ರನ್ನ ಓದ್ಬೇಕು ಅಂತ ಅವರ ದಪ್ಪ ಪುಸ್ತಕಕ್ಕೆ ಕೈ ಹಾಕೋಕೆ ಹೋಗ್ಬೇಡಿ, 1945ರಲ್ಲಿ ಪ್ಯಾರಿಸ್‌ನಲ್ಲಿ ಕೊಟ್ಟ ಒಂದು ಲೆಕ್ಚರ್ ಇದೆ, ಮುಂದಿನ ವರ್ಷ ಚಿಕ್ಕ ಪುಸ್ತಕವಾಗಿ ಬಂತು, ಒಂದು ಸಂಜೆಲಿ ಮುಗಿಯುತ್ತೆ, ಅಷ್ಟು ಸಾಕು. ಮನುಷ್ಯ ಹೀಗೇ ಅಂತ ಮೊದಲೇ ಯಾರೂ ಅಚ್ಚು ಹಾಕಿ ಕಳಿಸಿಲ್ಲ, ಅವನು ಮೊದಲು ಇರ್ತಾನೆ, ಆಮೇಲೆ ತಾನು ಮಾಡೋ ಕೆಲಸಗಳಿಂದ ತಾನು ಏನು ಅಂತ ಆಗ್ತಾನೆ, ಇದು ಅದರ ತಿರುಳು. ಅದರಲ್ಲಿ ಒಬ್ಬ ಸ್ಟೂಡೆಂಟ್ ಕಥೆ ಬರುತ್ತೆ. ಯುದ್ಧದ ಕಾಲ, ಅಣ್ಣ ಸತ್ತಿದ್ದಾನೆ, ಅಮ್ಮನಿಗೆ ಉಳಿದಿರೋದು ಇವನೊಬ್ಬನೇ. ಅಮ್ಮನ ಜೊತೆ ಇರ್ಲಾ, ಇಂಗ್ಲೆಂಡಿಗೆ ಹೋಗಿ ಸೈನ್ಯ ಸೇರ್ಲಾ ಅಂತ ಕೇಳ್ತಾನೆ. ಸಾರ್ತ್ರ ಹೇಳೋದು ಇಷ್ಟೇ: ನೀನು ಸ್ವತಂತ್ರ, ನೀನೇ ಆರಿಸ್ಕೊ. ಇದರ ಜೊತೆ ಇನ್ನೊಂದು ಮಾತೂ ಹೇಳ್ತಾರೆ, ನಮಗೆ ಬೇಕಾಗಿರೋದು ಇದು: ಯಾರ ಹತ್ರ ಸಲಹೆ ಕೇಳೋಕೆ ಹೋಗ್ತೀವಿ ಅನ್ನೋದರಲ್ಲೇ ನಾವು ಅರ್ಧ ಆಯ್ಕೆ ಮಾಡಿಯಾಗಿರುತ್ತೆ, ಯಾವುದೋ ಸೂಚನೆ ಸಿಕ್ತು ಅಂದ್ರೂ ಅದಕ್ಕೆ ಅರ್ಥ ಕೊಡೋರು ನಾವೇ.

ಈಗ ಕಾದಂಬರಿ ತೆಗೀರಿ. ಮೊದಲ ಓದಿನಲ್ಲಿ ಒಂದೇ ಕೆಲಸ, ತೀರ್ಮಾನವನ್ನ ಯಾರಾದ್ರೂ ಇನ್ನೊಬ್ಬರ ತಲೆಗೆ ದಾಟಿಸಿದ ಜಾಗದಲ್ಲೆಲ್ಲ ಗುರುತು ಹಾಕಿ. ಬ್ರಾಹ್ಮಣ ನಾರಣಪ್ಪ ಶಿವಮೊಗ್ಗದಿಂದ ಜ್ವರ ಹತ್ತಿಸ್ಕೊಂಡು ಬಂದು ಸತ್ತಿದ್ದಾನೆ, ಹೆಣ ಎತ್ತೋ ತನಕ ದೂರ್ವಾಸಪುರದ ಅಗ್ರಹಾರದಲ್ಲಿ ಯಾರೂ ಊಟ ಮಾಡೋ ಹಾಗಿಲ್ಲ, ಮಾಂಸ ತಿಂದವನು, ಸಾಲಿಗ್ರಾಮ ಹೊಳೆಗೆ ಎಸೆದವನು, ಅವನ ಸಂಸ್ಕಾರ ಯಾರು ಮಾಡ್ಬೇಕು? ಗರುಡಾಚಾರ್ಯರು ಲಕ್ಷ್ಮಣಾಚಾರ್ಯರ ಕಡೆ ನೋಡ್ತಾರೆ, ಅವರು ಇವರ ಕಡೆ, ಎಲ್ಲರೂ ಸೇರಿ ಪ್ರಾಣೇಶಾಚಾರ್ಯರ ಕಡೆ. ಆಚಾರ್ಯರು ಗ್ರಂಥಗಳ ಕಡೆ. ಗ್ರಂಥದಲ್ಲಿ ಸಿಗಲಿಲ್ಲ ಅಂದ್ಮೇಲೆ ಮಾರುತಿ ಕಡೆ. ಉಳಿದ ಬ್ರಾಹ್ಮಣರು ಅಕ್ಕಪಕ್ಕದ ಪಾರಿಜಾತಪುರ, ಕೈಮರದ ಕಡೆ, ಕೊನೆಗೆ ಮಠದ ಕಡೆ. ಇದನ್ನೆಲ್ಲ ಗುರುತು ಮಾಡ್ತಾ ಹೋದ್ರೆ ಪುಟದ ಅಂಚೆಲ್ಲ ತುಂಬ್ಕೊಳ್ಳುತ್ತೆ. ಅದಕ್ಕೂ ಹಿಂದಕ್ಕೆ ಹೋಗಿ, ಇವನಿಗೆ ಬದುಕಿದ್ದಾಗ್ಲೇ ಬಹಿಷ್ಕಾರ ಯಾಕೆ ಹಾಕ್ಲಿಲ್ಲ? ಮುಸಲ್ಮಾನ ಆಗಿಬಿಡ್ತೀನಿ ಅಂತ ಹೆದರಿಸಿದ್ದ, ಹಾಗಾಗಿ ಸುಮ್ನಿದ್ರು. ತೀರ್ಮಾನ ಮಾಡದೇ ಇದ್ದದ್ದೂ ಒಂದು ತೀರ್ಮಾನವೇ, ಅದೇ ಈಗ ಹೆಣವಾಗಿ ನಾರ್ತಾ ಕೂತಿದೆ.

ಆಚಾರ್ಯರಿಗೆ ಮಾತ್ರ ಬೇರೆ ಬಣ್ಣದ ಪೆನ್ಸಿಲ್ ತಗೊಳ್ಳಿ, ಯಾಕಂದ್ರೆ ಅವರು ಗರುಡಾಚಾರ್ಯರ ಥರ ಚಿನ್ನದ ಆಸೆಯ ಮನುಷ್ಯ ಅಲ್ಲ, ನಿಜವಾಗಿ ಒಳ್ಳೆಯವರು, ಕಾಶಿಲಿ ಓದಿದವರು, ಅದಕ್ಕೇ ಅವರ ಕೇಸ್ ಇನ್ನೂ ಕಷ್ಟ. ಹದಿನಾರು ವರ್ಷಕ್ಕೇ ರೋಗಿಷ್ಠ ಹುಡುಗಿಯನ್ನ ಮದುವೆ ಆಗಿ, ಇಪ್ಪತ್ತು ವರ್ಷ ಭಾಗೀರಥಿಯ ಸೇವೆ ಮಾಡಿ, ಅದು ತನ್ನನ್ನ ಮೋಕ್ಷಕ್ಕೆ ಹದ ಮಾಡುತ್ತೆ ಅಂತ ನಂಬಿದ್ದಾರೆ. ಓದೋವಾಗ ಇಲ್ಲಿ ಗಬಕ್ಕನೆ ಮುಂದೆ ಹೋಗ್ಬೇಡಿ. ಇದು ಅವರ ಆಯ್ಕೆಯೇ, ಆದ್ರೆ ಧರ್ಮ ಅಂತ ಹೆಸರಿಟ್ಟಿರೋದ್ರಿಂದ ಆಯ್ಕೆ ಅಂತ ಅವರಿಗೇ ಕಾಣ್ತಿಲ್ಲ. ಸಾರ್ತ್ರ ಆತ್ಮವಂಚನೆ ಅನ್ನೋದು ಇದನ್ನೇ, ಬೇರೆಯವರಿಗೆ ಸುಳ್ಳು ಹೇಳೋದಲ್ಲ, ತಾನು ಸ್ವತಂತ್ರ ಅನ್ನೋದನ್ನ ತನ್ನಿಂದಲೇ ಮುಚ್ಚಿಡೋದು.

ಮಾರುತಿ ಗುಡಿಯ ಭಾಗವನ್ನ ಎರಡು ಸಲ ಓದಿ. ಮಲೆನಾಡಲ್ಲಿ, ಕರಾವಳಿಲಿ ದೇವರ ಹತ್ರ ಪ್ರಸಾದ ಕೇಳೋದು ಗೊತ್ತಿರೋರಿಗೆ ಇದು ತಕ್ಷಣ ಅರ್ಥ ಆಗುತ್ತೆ, ಬಲಗಡೆಯಿಂದ ಹೂ ಬಿದ್ರೆ ಒಂದು, ಎಡಗಡೆ ಬಿದ್ರೆ ಇನ್ನೊಂದು. ಹೂ ಬೀಳೋದೇ ಇಲ್ಲ. ದೇವರು ಇಲ್ಲ ಅಂತ ಕಾದಂಬರಿ ಇಲ್ಲಿ ಸಾರ್ತಾ ಇಲ್ಲ ಅನ್ನೋದು ನನ್ನ ಓದು, ನಿನ್ನ ಪ್ರಶ್ನೆ ನಿನಗೇ ವಾಪಸ್ ಅಂತ ಹೇಳ್ತಾ ಇದೆ. ಕೇಳೋಕೆ ಇನ್ನು ಯಾರೂ ಉಳಿದಿಲ್ಲ.

ವಾಪಸ್ ಬರೋ ದಾರಿಲಿ, ಕತ್ತಲಲ್ಲಿ ಚಂದ್ರಿ, ನಾರಣಪ್ಪನ ಜೊತೆ ಬಾಳಿದವಳು. ಸುಮಾರು ಜನ ಇದನ್ನೇ ಬಿಡುಗಡೆ ಅಂತ ಓದ್ತಾರೆ, ಕಟ್ಟುಪಾಡು ಒಡೀತು, ಮನುಷ್ಯ ಸ್ವತಂತ್ರ ಆದ ಅಂತ. ನಾನು ಒಪ್ಪಲ್ಲ. ಹಸಿವು, ಸುಸ್ತು, ಕತ್ತಲು, ಅವಳ ಮರುಕ, ಎಲ್ಲ ಸೇರಿ ಅದು ಆಗಿಹೋಯ್ತು, ಅವರು ಮಾಡಿದ್ದಲ್ಲ. ಹಾಗಂತ ನಾನಲ್ಲ, ನನ್ನ ಮೇಲಿನ ಹಿಡಿತ ತಪ್ತು ಅಂತ ಕೈ ತೊಳ್ಕೊಳ್ಳೋಕೆ ಆಗುತ್ತಾ? ಈ ಪ್ರಶ್ನೆನೇ ಕಾದಂಬರಿಯ ಮೂರನೇ ಭಾಗ. ತೀರಿಹೋದ ಹೆಂಡತಿಯನ್ನ ಸುಟ್ಟು ಆಚಾರ್ಯರು ಸುಮ್ನೆ ನಡ್ಕೊಂಡು ಹೊರಟ್ಮೇಲೆ ತಲೆಯಲ್ಲಿ ತಿರುಗೋದೆಲ್ಲ ಇದೇ, ಆವತ್ತು ನಾನು ಆರಿಸಿದ್ದಾ ಇಲ್ವಾ, ಆರಿಸಿಲ್ಲ ಅಂದ್ರೆ ಈಗ ಕುಂದಾಪುರಕ್ಕೆ ಹೋಗಿ ಚಂದ್ರಿ ಜೊತೆ ಪೂರ್ತಿ ಎಚ್ಚರದಲ್ಲಿ ಬದುಕಿದ್ರೆ ಅದು ನನ್ನದಾಗುತ್ತಾ. ಆಗಿಹೋದದ್ದನ್ನ ಆಮೇಲೆ ತನ್ನದು ಅಂತ ಒಪ್ಕೊಳ್ಳೋದೂ ಆಯ್ಕೆಯೇ ಅನ್ನೋ ಈ ಯೋಚನೆ ಕಾದಂಬರಿಯ ಅತಿ ದೊಡ್ಡ ಸಾಧನೆ ಅಂತ ನನಗನ್ಸುತ್ತೆ. ಇಲ್ಲಿ ನಿಧಾನಕ್ಕೆ ಓದಿ, ಒಂದೊಂದು ಪ್ಯಾರಾ ಆದ್ಮೇಲೆ ನಿಲ್ಸಿ, ಅವರ ವಾದದಲ್ಲಿ ಎಲ್ಲಿ ಪ್ರಾಮಾಣಿಕತೆ ಇದೆ, ಎಲ್ಲಿ ಮತ್ತೆ ತಪ್ಪಿಸ್ಕೊಳ್ತಾ ಇದಾರೆ ಅಂತ ಅಂಚಲ್ಲಿ ಬರೀರಿ, ಎರಡೂ ಇದೆ.

ದಾರಿಲಿ ಜೊತೆಯಾಗೋ ಪುಟ್ಟ ಬಂದ್ಮೇಲೆ ಗಮನವನ್ನ ಬೇರೆ ಕಡೆ ತಿರುಗಿಸಿ, ಅಂದ್ರೆ ಆಚಾರ್ಯರಿಗೆ ಯಾರ ಕಣ್ಣಿನ ಭಯ ಅಂತ. ಮೇಳಿಗೆ ತೇರು, ಕೋಳಿ ಅಂಕ, ಪದ್ಮಾವತಿ ಅನ್ನೋ ಹೆಂಗಸಿನ ಮನೆ, ಸೂತಕದಲ್ಲಿರೋವಾಗ್ಲೇ ದೇವಸ್ಥಾನದ ಪಂಕ್ತಿಲಿ ಊಟಕ್ಕೆ ಕೂರೋದು, ಎಲ್ಲ ಕಡೆ ಯಾರಾದ್ರೂ ಗುರುತು ಹಿಡಿದುಬಿಟ್ರೆ ಅನ್ನೋ ನಡುಕ. ಒಬ್ಬನೇ ಇದ್ದಾಗ ಸ್ವತಂತ್ರ ಅಂದ್ಕೊಳ್ಳೋದು ಸುಲಭ, ಇನ್ನೊಬ್ಬ ನೋಡಿದ ತಕ್ಷಣ ಮತ್ತೆ ದೂರ್ವಾಸಪುರದ ಪ್ರಾಣೇಶಾಚಾರ್ಯ ಆಗಿಬಿಡ್ತಾರೆ.

ಇಷ್ಟೂ ಆದ್ಮೇಲೆ ಎರಡನೇ ಓದು, ಇದು ಚಂದ್ರಿಗಾಗಿ. ಇದನ್ನ ಬಿಟ್ರೆ ಅರ್ಧ ಕಾದಂಬರಿ ಓದಿದ ಹಾಗೆ ಅಂತ ಗಟ್ಟಿಯಾಗಿ ಹೇಳ್ತೀನಿ. ಮೈಮೇಲಿನ ಚಿನ್ನ ಬಿಚ್ಚಿ ಸಂಸ್ಕಾರದ ಖರ್ಚಿಗೆ ಅಂತ ಇಟ್ಟವಳು ಅವಳು. ಗಂಡಸರೆಲ್ಲ ಶಾಸ್ತ್ರ ಹುಡುಕ್ತಾ ಇದ್ದಾಗ ಒಬ್ಬ ಮುಸಲ್ಮಾನನ ಸಹಾಯ ತಗೊಂಡು ರಾತ್ರೋರಾತ್ರಿ ಹೆಣ ಸುಟ್ಟು ಹೊರಟವಳೂ ಅವಳೇ. ಊರೆಲ್ಲ ಯಾವ ತೀರ್ಮಾನಕ್ಕೆ ಒದ್ದಾಡ್ತಾ ಇದೆಯೋ ಅದನ್ನ ಅವಳು ಮುಗಿಸಿಯಾಗಿದೆ, ಅವರಿಗೆ ಗೊತ್ತೇ ಇಲ್ಲ. ಆದ್ರೆ ಆಚಾರ್ಯರಿಗೆ ಪುಟಗಟ್ಟಲೆ ಒಳಮಾತು ಕೊಟ್ಟಿರೋ ಕಾದಂಬರಿ ಚಂದ್ರಿಗೆ ಕೊಟ್ಟಿರೋದು ತೀರಾ ಕಡಿಮೆ, ದಲಿತ ಹುಡುಗಿ ಬೆಳ್ಳಿಗಂತೂ ಇನ್ನೂ ಕಡಿಮೆ, ಅವರು ಹೆಚ್ಚಾಗಿ ದೇಹವಾಗಿಯೇ ಕಾಣಿಸ್ಕೊಳ್ತಾರೆ. ಆಯ್ಕೆಯ ಸಂಕಟ ಓದಿದ ಬ್ರಾಹ್ಮಣ ಗಂಡಸಿಗೆ ಮಾತ್ರ ಇರುತ್ತಾ, ಹೆಣ ಸುಡೋಕೆ ಹೊರಟ ಆ ರಾತ್ರಿ ಅವಳೊಳಗೆ ಏನಿತ್ತು? ಈ ಪ್ರಶ್ನೆ ಕೇಳ್ಕೊಂಡು ಓದಿದ್ರೆ ಕಾದಂಬರಿಯ ಶಕ್ತಿನೂ ಮಿತಿನೂ ಒಟ್ಟಿಗೆ ಸಿಗುತ್ತೆ, ಪ್ರೀತಿಸೋ ಪುಸ್ತಕದ ಮಿತಿ ನೋಡೋದ್ರಲ್ಲಿ ತಪ್ಪೇನಿಲ್ಲ.

ಪಟ್ಟಾಭಿರಾಮ ರೆಡ್ಡಿ ನಿರ್ದೇಶನದ 1970ರ ಸಿನಿಮಾನ ಓದಿ ಮುಗಿಸಿದ ಮೇಲೆ ನೋಡಿ, ಮೊದಲೇ ಬೇಡ, ಆಚಾರ್ಯರ ಪಾತ್ರದಲ್ಲಿ ಗಿರೀಶ್ ಕಾರ್ನಾಡರ ಮುಖ ಒಂದ್ಸಲ ಮನಸ್ಸಲ್ಲಿ ಕೂತ್ರೆ ಆಮೇಲೆ ಪುಸ್ತಕದಲ್ಲೂ ಅದೇ ಕಾಣುತ್ತೆ. ವಿಮರ್ಶೆಗಳೂ ಆಮೇಲೇ. ಕೊನೆಲಿ ಆಚಾರ್ಯರು ಗಾಡಿ ಹತ್ತಿ ಊರಿನ ಕಡೆ ಹೊರಡ್ತಾರೆ, ಹೋಗಿ ಏನು ಹೇಳ್ತಾರೆ ಅಂತ ಕಾದಂಬರಿ ಹೇಳಲ್ಲ. ಯಾರ ಅಭಿಪ್ರಾಯನೂ ಓದೋಕೆ ಮುಂಚೆ ಅವರು ಹೇಳ್ತಾರಾ ಇಲ್ವಾ, ಯಾಕೆ ಅಂತ ಅರ್ಧ ಪುಟ ನೀವೇ ಬರೆದಿಡಿ.