ಟರ್ಬಿನೇಟ್ ಆಪರೇಷನ್ ಆದ್ಮೇಲೆ ವಾಸನೆ ಚೆಕ್ ಮಾಡೋದು ಹೇಗೆ

ಆಪರೇಷನ್ ಆಗಿ ನಾಲ್ಕೇ ದಿನಕ್ಕೆ ಸೋಪು ಮೂಸಿ ನೋಡಿ, ಅಯ್ಯೋ ನನ್ ಮೂಗೇ ಹೋಯ್ತು ಅಂತ ಗಾಬರಿ ಬೀಳೋರನ್ನ ಸುಮಾರ್ ಜನರನ್ನ ನೋಡಿದೀನಿ, ಮೊದಲನೆಯವನು ನಾನೇ.

ಟರ್ಬಿನೇಟ್ ಅಂದ್ರೆ ಮೂಗಿನೊಳಗೆ ಪಕ್ಕದ ಗೋಡೆಯಿಂದ ಚಾಚಿರೋ, ಮೆತ್ತನೆ ಪದರ ಹೊದ್ದ ಮೂಳೆ. ಸಾಮಾನ್ಯವಾಗಿ ಡಾಕ್ಟ್ರು ಕುಗ್ಗಿಸೋದು ಕೆಳಗಿನ ಟರ್ಬಿನೇಟನ್ನ. ವಾಸನೆಯ ನರಗಳಿರೋದು ಮೂಗಿನ ಮೇಲ್ತುದಿಯಲ್ಲಿ, ಹೆಚ್ಚುಕಮ್ಮಿ ಕಣ್ಣಿನ ಮಟ್ಟಕ್ಕೆ. ಮಾಮೂಲಿ ಉಸಿರಾಟದಲ್ಲಿ ಅಲ್ಲಿಗೆ ಹತ್ತೋ ಗಾಳಿನೇ ಶೇ 10–15ರಷ್ಟು, ಅದರ ಮೇಲೆ ಊತ, ಹೆಪ್ಪುಗಟ್ಟಿದ ರಕ್ತ, ಹಕ್ಕಳೆ ಎಲ್ಲ ಸೇರಿದ್ರೆ ಅಷ್ಟೂ ಹೋಗಲ್ಲ. ಅಂದ್ರೆ ಬಹುತೇಕರಿಗೆ ನರ ಸರಿಯಾಗೇ ಇದೆ, ದಾರಿ ಕಟ್ಟಿದೆ ಅಷ್ಟೇ.

1. ಮೊದಲ ವಾರ ಏನೂ ಮೂಸ್ಬೇಡಿ. ಜೋರಾಗಿ ಸಿಂಬಳ ತೆಗೀಬೇಡಿ, ಸೀನು ಬಂದ್ರೆ ಬಾಯಿ ತೆರೆದು ಸೀನಿ.

2. ಡಾಕ್ಟ್ರು ಹೇಳಿದ ದಿನದಿಂದ ಉಪ್ಪುನೀರಲ್ಲಿ ಮೂಗು ತೊಳೀರಿ. ನೀರು ಕುದಿಸಿ ಆರಿಸಿದ್ದೇ ಆಗಿರ್ಬೇಕು, ನಲ್ಲಿ ನೀರು ಹಾಗೇ ಹಾಕ್ಬೇಡಿ, ಅಪರೂಪಕ್ಕೆ ಅದರಲ್ಲಿರೋ ಅಮೀಬಾ ಮೂಗಿಂದ ಮೆದುಳಿಗೆ ಹೋಗಿ ಜೀವ ತೆಗೆಯುತ್ತೆ. ಮೂಗು ತೆರೆಯುತ್ತೆ ಅಂತ ಅಂಗಡಿ ಸ್ಪ್ರೇ ಹೊಡ್ಕೊಳ್ಳೋರೇ, ಕ್ಸೈಲೋಮೆಟಾಜೋಲಿನ್ ಥರದವು ಕೆಲವೇ ದಿನ ಮೀರಿದ್ರೆ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತೆ. ನಾನಂತೂ ಮುಟ್ಟಲ್ಲ.

3. ಎಲ್ರೂ ಎಡವೋದು ಇಲ್ಲೇ, ಮೂಸೋದ್ರಲ್ಲಿ. ಮೊದಲು ಮೆಂಥಾಲ್ ಮುಲಾಮು ಪಕ್ಕಕ್ಕಿಡಿ. ಮೂಗೊಳಗೆ ತಣ್ಣಗೆ ಆಗೋದು ವಾಸನೆ ಅಲ್ಲ, ಅದು ಮುಖದ ಸ್ಪರ್ಶ ನರದ ಕೆಲಸ, ಅಮೋನಿಯಾ ಚುರ್ ಅನ್ನೋದೂ ಹಾಗೇ. ವಾಸನೆ ಪೂರ್ತಿ ಹೋದವರಿಗೂ ಎರಡೂ ಗೊತ್ತಾಗುತ್ತೆ. ಲವಂಗನೋ ನಿಂಬೆ ಸಿಪ್ಪೆನೋ ತಗೊಳ್ಳಿ. ಒಂದು ಹೊಳ್ಳೆ ಮುಚ್ಚಿ, ಆದ್ರೆ ಬೆರಳನ್ನ ಪಕ್ಕದಿಂದ ತಳ್ಳಬೇಡಿ, ತಳ್ಳಿದ್ರೆ ಮಧ್ಯದ ಗೋಡೆ ವಾಲಿ ಆ ಕಡೆ ಹೊಳ್ಳೆನೂ ಕಿರಿದಾಗುತ್ತೆ, ಕೆಳಗಿಂದ ಹೆಬ್ಬೆರಳ ತುದಿ ಆನಿಸಿದ್ರೆ ಸಾಕು. ಕಣ್ಣು ಮುಚ್ಚಿ, ಬೇರೆಯವರ ಕೈಯಲ್ಲಿ ಹಿಡಿಸಿ, ನಡುನಡುವೆ ಖಾಲಿ ಹತ್ತಿನೂ ಹಿಡಿಯೋಕೆ ಹೇಳಿ. ಏನು ಬರ್ತಿದೆ ಅಂತ ಮೊದಲೇ ಗೊತ್ತಿದ್ರೆ ತಲೆಯೇ ವಾಸನೆ ಕಟ್ಟಿಕೊಡುತ್ತೆ, ನಾನು ಎರಡು ದಿನ ಬರೀ ಹತ್ತಿಯಲ್ಲಿ ಲವಂಗ ಮೂಸಿದ್ದೆ. ಆಮೇಲೆ ಉದ್ದಕ್ಕೆ ಉಸಿರೆಳೆಯದೆ ಮೊಲದ ಥರ ಮೂರ್ನಾಲ್ಕು ಚಿಕ್ಕ ಮೂಸು, ಅದೇ ಗಾಳಿನ ಮೇಲಕ್ಕೆ ಕಳಿಸೋದು.

4. ಮೂಗಿನ ಗಾಯ ಒಣಗಿದ್ಮೇಲೂ ವಾಸನೆ ಮಂಕಾಗಿದ್ರೆ, ಡಾಕ್ಟ್ರನ್ನ ಕೇಳಿ, ಮೂಸೋ ಅಭ್ಯಾಸ ಶುರು ಮಾಡಿ. ಜರ್ಮನಿಯ ಹುಮ್ಮೆಲ್ ತಂಡ 2009ರಲ್ಲಿ ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನ ದಿನಕ್ಕೆರಡು ಸಲ, 12 ವಾರ, ವಾಸನೆ ಹೋದವರಿಗೆ ಮೂಸಿಸಿ ನೋಡಿತ್ತು, ಕೆಲವರಿಗೆ ಉಪಯೋಗ ಆಯ್ತು. ಒಂದೊಂದಕ್ಕೂ ಹತ್ತು ಸೆಕೆಂಡ್. ಝಿಂಕ್ ಇರೋ ಮೂಗಿನ ಜೆಲ್ ಮಾತ್ರ ಬೇಡವೇ ಬೇಡ, ಅದರಿಂದ ವಾಸನೆ ಹೋಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೇ ಎಚ್ಚರಿಸಿದೆ.

5. ಜ್ವರ, ಕೀವು, ನಿಲ್ಲದ ರಕ್ತ ಕಂಡ್ರೆ ಫೋನ್ ಮಾಡಿ ಕೇಳ್ತಾ ಕೂರ್ಬೇಡಿ, ಹೋಗಿ. ಮೂಗು ತೆರೆದಿದ್ರೂ ಗಾಳಿನೇ ಗೊತ್ತಾಗ್ತಿಲ್ಲ, ಉಸಿರು ಸಾಲ್ತಿಲ್ಲ ಅನ್ನಿಸೋದು ವಾರಗಟ್ಟಲೆ ಮುಂದುವರಿದ್ರೆ ಅದನ್ನ ಬೇರೆಯಾಗೇ ಹೇಳಿ. ಟರ್ಬಿನೇಟ್ ತುಂಬಾ ತೆಗೆದಾಗ ಕೆಲವರಿಗೆ ಹಾಗಾಗುತ್ತೆ, ವಾಸನೆ ಮಂಕಾಗಿದೆ ಅನ್ನೋದರ ಜೊತೆ ಅದು ಕಲಸಿಹೋಗುತ್ತೆ.

ಹೊಳ್ಳೆ, ವಸ್ತು, ದಿನಾಂಕ ಒಂದು ಪುಸ್ತಕದಲ್ಲಿ ಬರ್ಕೊಳ್ಳಿ. ನನ್ನದರಲ್ಲಿ ‘ಬಲ, ಲವಂಗ’ 19ನೇ ದಿನಕ್ಕೆ ಬಂದಿದೆ, ‘ಎಡ, ಗುಲಾಬಿ’ 41ಕ್ಕೆ.