ಅಚ್ಚಿಗೆ ಯಾವ ಪ್ಲಾಸ್ಟರ್? ನೀರಿನ ಲೆಕ್ಕದಿಂದ ಶುರು ಮಾಡಿ

ಚೀಲದ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂದು ಬರೆದಿದೆ ಅಂದಮಾತ್ರಕ್ಕೆ ಅದು ಪಿಂಗಾಣಿಯ ಅಚ್ಚಿಗೆ ಆಗಿಬರುತ್ತದೆ ಎಂದೇನಿಲ್ಲ. ಗೋಡೆಗೆ ಮೆತ್ತುವುದು, ಸೀಲಿಂಗಿನ ಕುಸುರಿಗೆ ಬಳಸುವುದು, ಹಲ್ಲಿನ ಡಾಕ್ಟರು ಕಲಸುವುದು, ಮುರಿದ ಕೈಗೆ ಕಟ್ಟುವುದು ಎಲ್ಲವೂ ಜಿಪ್ಸಮ್ಮೇ. ಆದರೆ ಒಂದರ ಕೆಲಸ ಇನ್ನೊಂದಕ್ಕೆ ಬರುವುದಿಲ್ಲ. ಗೋಡೆಯ ಪ್ಲಾಸ್ಟರಿಗೆ ನಿಧಾನವಾಗಿ ಗಟ್ಟಿಯಾಗಲೆಂದು ಬೇರೆ ಪದಾರ್ಥಗಳನ್ನು ಬೆರೆಸಿರುತ್ತಾರೆ, ಅದನ್ನು ಅಚ್ಚಿಗೆ ಹಾಕಲೇಬಾರದು. ಹೊಸ ಪ್ಲಾಸ್ಟರ್ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಒಂದೇ ಅಂಕಿಯನ್ನು: ತೂಕದಲ್ಲಿ 100 ಭಾಗ ಪುಡಿಗೆ ಎಷ್ಟು ಭಾಗ ನೀರು ಬೇಕು? ಆ ಅಂಕಿ ಗೊತ್ತಾದರೆ ಅಚ್ಚು ಎಷ್ಟು ಹೀರುತ್ತದೆ, ಎಷ್ಟು ಗಟ್ಟಿ ಇರುತ್ತದೆ ಎರಡೂ ತಿಳಿದಹಾಗೆ.

ಕಾರಣ ಸರಳ. ಜಿಪ್ಸಮ್ ಕಲ್ಲನ್ನು ಕಾಯಿಸಿ ಅದರೊಳಗಿನ ನೀರಿನ ಮುಕ್ಕಾಲು ಪಾಲು ತೆಗೆದರೆ ಪ್ಲಾಸ್ಟರ್ ಪುಡಿ ಸಿಗುತ್ತದೆ. ಮತ್ತೆ ನೀರು ಕೊಟ್ಟರೆ ಅದು ಜಿಪ್ಸಮ್ ಆಗಿ ಹೆಪ್ಪುಗಟ್ಟುತ್ತದೆ. ಈ ಮರುಜೋಡಣೆಗೆ ಬೇಕಾದ ನೀರು 100 ಗ್ರಾಂ ಪುಡಿಗೆ ಬರೀ 18.6 ಗ್ರಾಂ. ಅಷ್ಟೇ ಹಾಕಿದರೆ ಕಲಸುವುದಕ್ಕೂ ಆಗದು, ಸುರಿಯುವುದಕ್ಕೂ ಆಗದು, ಹಾಗಾಗಿ 60, 70, 80 ಗ್ರಾಂ ಹಾಕುತ್ತೇವೆ. ಹೆಚ್ಚಿನ ನೀರೆಲ್ಲ ಆಮೇಲೆ ಆರಿಹೋಗಿ, ಅದಿದ್ದ ಜಾಗ ಸಣ್ಣ ಸಣ್ಣ ರಂಧ್ರವಾಗಿ ಉಳಿಯುತ್ತದೆ. ಸ್ಲಿಪ್‌ನಿಂದ ನೀರೆಳೆಯುವುದು ಈ ರಂಧ್ರಗಳೇ; ಸ್ಲಿಪ್ ಅಂದರೆ ಅಚ್ಚಿಗೆ ಸುರಿಯುವ ತೆಳು ಮಣ್ಣಿನ ದ್ರವ. 70ರ ಮಿಶ್ರಣದಲ್ಲಿ ಒಣಗಿದ ಅಚ್ಚಿನ ಅರ್ಧದಷ್ಟು ಜಾಗ ಟೊಳ್ಳು. ನೀರು ಏರಿಸಿದರೆ ರಂಧ್ರ ಹೆಚ್ಚುತ್ತದೆ, ಬಲ ಕುಗ್ಗುತ್ತದೆ. ಇಳಿಸಿದರೆ ಅಚ್ಚು ಕಲ್ಲಾಗುತ್ತದೆ, ಆದರೆ ಮಣ್ಣಿನ ನೀರನ್ನು ಎಳೆಯುವುದಿಲ್ಲ. ಎರಡೂ ಒಟ್ಟಿಗೆ ಬೇಕೆಂದರೆ ಸಿಗದು.

ಪುಡಿಯಲ್ಲಿ ಎರಡು ಜಾತಿ. ತೆರೆದ ಕಡಾಯಿಯಲ್ಲಿ ಕಾಯಿಸಿದ್ದು ಬೀಟಾ. ಅದರ ಹರಳುಗಳು ಒರಟು, ಬಿರುಕು ಬಿರುಕು, ಹಾಗಾಗಿ ಕಲಸಲು ನೀರು ಜಾಸ್ತಿ ಬೇಡುತ್ತದೆ. ಒತ್ತಡದ ಹಬೆಯಲ್ಲಿ ಬೇಯಿಸಿದ್ದು ಆಲ್ಫಾ. ಅದರ ಹರಳು ದಟ್ಟ, ನುಣುಪು. ಅರ್ಧದಷ್ಟು ನೀರಿಗೇ ಹರಿಯುತ್ತದೆ. ಯುಎಸ್‌ಜಿ ಕಂಪನಿಯ ನಂಬರ್ 1 ಪಾಟರಿ ಪ್ಲಾಸ್ಟರಿಗೆ 70 ಭಾಗ ನೀರು, ಅದೇ ಕಂಪನಿಯ ಅಲ್ಟ್ರಾಕಾಲ್ 30ಕ್ಕೆ 38, ಹೈಡ್ರೋಸ್ಟೋನ್‌ಗೆ 32. ದಂತವೈದ್ಯರ ಸ್ಟೋನ್ ಪ್ಲಾಸ್ಟರ್ ಸಹ 30ರ ಆಸುಪಾಸಿನದು. ಈ ಕೊನೆಯ ಮೂರರಲ್ಲಿ ಸ್ಲಿಪ್ ಕಾಸ್ಟಿಂಗ್ (ಸ್ಲಿಪ್ ಸುರಿದು, ಗೋಡೆ ಕಟ್ಟಿದ ಮೇಲೆ ಉಳಿದದ್ದನ್ನು ಬಗ್ಗಿಸಿ ಪಾತ್ರೆ ಮಾಡುವುದು) ಅಚ್ಚು ಮಾಡಿದರೆ ನೋಡಲು ಅಮೃತಶಿಲೆಯಂತೆ ಚೆನ್ನಾಗಿರುತ್ತದೆ, ಸ್ಲಿಪ್ ಮಾತ್ರ ಸುರಿದ ಹಾಗೇ ನಿಂತಿರುತ್ತದೆ. ‘ಗಟ್ಟಿ ಪ್ಲಾಸ್ಟರ್ ಕೊಡಿ’ ಎಂದು ಕೇಳಿ ತರುವವರಿಗೆ ಆಗುವುದು ಇದೇ.

ಕೆಲಸಕ್ಕೆ ತಕ್ಕಂತೆ ನನ್ನ ಆಯ್ಕೆ ಹೀಗಿದೆ. ಸ್ಲಿಪ್ ಕಾಸ್ಟಿಂಗ್‌ಗೆ ಬೀಟಾ ಪಾಟರಿ ಪ್ಲಾಸ್ಟರ್, 70ರಿಂದ 75 ಭಾಗ ನೀರು. ಕೈಯಲ್ಲಿ ಮಣ್ಣೊತ್ತುವ ಅಚ್ಚಿಗೂ ಜಿಗರ್ ಚಕ್ರದ (ತಿರುಗುವ ಅಚ್ಚಿನ ಮೇಲೆ ಮಣ್ಣನ್ನು ಅಲಗಿನಿಂದ ಒತ್ತುವ ಯಂತ್ರ) ಅಚ್ಚಿಗೂ ಅದೇ ಪುಡಿ, ಆದರೆ 60ರಿಂದ 65. ಅಲ್ಲಿ ಹೀರುವುದಕ್ಕಿಂತ ತಿಕ್ಕಾಟ ತಡೆಯುವುದು ಮುಖ್ಯ. ಹೈಡ್ರಾಲಿಕ್ ರ‍್ಯಾಮ್ ಪ್ರೆಸ್ಸಿನ (ಭಾರೀ ಒತ್ತಡದಲ್ಲಿ ಮಣ್ಣನ್ನು ಅದುಮುವ ಯಂತ್ರ) ಅಚ್ಚಿಗೆ ಬೀಟಾ ತಡೆಯದು. ಅದಕ್ಕೆಂದೇ ಬರುವ ಆಲ್ಫಾ ಆಧಾರಿತ ಪ್ಲಾಸ್ಟರ್ ಬೇಕು, ಒಳಗೆ ಗಾಳಿಯ ಕೊಳವೆ ಹೂತಿರಬೇಕು. ತಾಯಿ ಅಚ್ಚು, ಅಂದರೆ ಕೆಲಸದ ಅಚ್ಚುಗಳನ್ನು ಮತ್ತೆ ಮತ್ತೆ ಎರಕ ಹೊಯ್ಯುವ ಅಚ್ಚು, ಏನನ್ನೂ ಹೀರಬೇಕಿಲ್ಲ. ಅಲ್ಲಿ ಕಡಿಮೆ ಹಿಗ್ಗುವ ಆಲ್ಫಾ ಹಾಕುತ್ತೇನೆ. ಪ್ಲಾಸ್ಟರ್ ಹೆಪ್ಪುಗಟ್ಟುವಾಗ ಸ್ವಲ್ಪ ಹಿಗ್ಗುತ್ತದೆ. ಸಾಧಾರಣ ಪಾಟರಿ ಪ್ಲಾಸ್ಟರಿನಲ್ಲಿ ಇದು ಶೇ. 0.2ರಷ್ಟು, 300 ಮಿಲಿಮೀಟರಿಗೆ 0.6 ಮಿಲಿಮೀಟರ್. ಬಿಡಿ ಅಚ್ಚಿಗೆ ಅದೇನೂ ದೊಡ್ಡದಲ್ಲ, ಆದರೆ ನಾಲ್ಕು ಭಾಗದ ತಾಯಿ ಅಚ್ಚಿನಲ್ಲಿ ಭಾಗಗಳನ್ನು ಒಂದಕ್ಕೊಂದು ಕೂರಿಸುವ ಗುಬುಟು, ಗುಳಿಗಳು ಕೂರದೆ ಸಂದಿ ಬಿಡುತ್ತವೆ. ಅಲ್ಟ್ರಾಕಾಲ್ 30ರ ಹಿಗ್ಗುವಿಕೆ ಶೇ. 0.08ರ ಹತ್ತಿರ.

ಇನ್ನು ಅಳತೆ. ಕಣ್ಣಂದಾಜು ಬೇಡ, ಮಗ್ಗಿನ ಅಳತೆಯೂ ಬೇಡ; ಪುಡಿ, ನೀರು ಎರಡನ್ನೂ ತೂಗಬೇಕು. ಪುಡಿಯ ಸಾಂದ್ರತೆ ಸುಮಾರು 2.63. ಆ ಲೆಕ್ಕದಲ್ಲಿ 70ರ ಮಿಶ್ರಣ ಒಂದು ಲೀಟರ್ ಬೇಕಾದರೆ ನೀರು 648 ಗ್ರಾಂ, ಪುಡಿ 925 ಗ್ರಾಂ. 60ಕ್ಕೆ ನೀರು 612, ಪುಡಿ 1020. 80ಕ್ಕೆ 678 ಮತ್ತು 847. ಉದಾಹರಣೆಗೆ ಚೌಕಟ್ಟಿನ ಒಳ ಅಳತೆ 20, 20, 10 ಸೆಂಟಿಮೀಟರ್ ಇದ್ದರೆ 4 ಲೀಟರ್ ಆಯಿತು. ಮಾದರಿ 1 ಲೀಟರ್ ಜಾಗ ತಿಂದರೆ ಉಳಿಯುವುದು 3 ಲೀಟರ್. ನೀರು 1944 ಗ್ರಾಂ, ಪುಡಿ 2775 ಗ್ರಾಂ. ಬಕೆಟ್ಟಿಗೆ ಅಂಟಿ ಹೋಗುವುದಕ್ಕೆಂದು ಎರಡಕ್ಕೂ ಶೇ. 5 ಸೇರಿಸಿ. ಮಾದರಿಯ ಸುತ್ತ ಪ್ಲಾಸ್ಟರಿನ ದಪ್ಪ 3ರಿಂದ 4 ಸೆಂಟಿಮೀಟರ್ ಇರಲಿ, ಎಲ್ಲ ಕಡೆ ಆದಷ್ಟು ಸಮವಾಗಿರಲಿ. ತೆಳುವಾದ ಕಡೆ ಅಚ್ಚು ಬೇಗ ತುಂಬಿಕೊಂಡು ಅಲ್ಲಿ ಪಾತ್ರೆಯ ಗೋಡೆಯೂ ತೆಳುವಾಗುತ್ತದೆ.

ಕಲಸುವುದರಲ್ಲೇ ಅರ್ಧ ಅಚ್ಚು ಕೆಡುತ್ತದೆ, ಆದ್ದರಿಂದ ಇಲ್ಲಿ ಅವಸರ ಬೇಡ. ಕುಡಿಯುವ ನೀರು, 20ರಿಂದ 25 ಡಿಗ್ರಿ. ಉಪ್ಪಿನಂಶ ಇದ್ದರೆ ಬೇಗ ಹೆಪ್ಪುಗಟ್ಟುತ್ತದೆ. ಯಾವಾಗಲೂ ನೀರಿಗೆ ಪುಡಿ, ಪುಡಿಗೆ ನೀರಲ್ಲ. ಬೆರಳ ಸಂದಿಯಿಂದ ಉದುರಿಸುತ್ತ ನೀರಿನ ಮೇಲೆಲ್ಲ ಹರಡಿ. ಮೊದಮೊದಲು ಪುಡಿ ಬಿದ್ದ ಕೂಡಲೇ ಮುಳುಗುತ್ತದೆ, ಕೊನೆಕೊನೆಗೆ ನೀರಿನ ಮೇಲೆ ಒಣ ದಿಬ್ಬ ನಿಲ್ಲುತ್ತದೆ, ನಿಧಾನವಾಗಿ ಬಣ್ಣ ಬದಲಾಗಿ ಒದ್ದೆಯಾಗುತ್ತದೆ. ಪುಡಿ ಹಾಕಿ ಮುಗಿದ ಮೇಲೆ 3 ನಿಮಿಷ ಮುಟ್ಟಬೇಡಿ. ಕಣಗಳ ನಡುವಿನ ಗಾಳಿ ಹೊರಬರುವುದು ಆ ಹೊತ್ತಿನಲ್ಲೇ. ಆಮೇಲೆ 3ರಿಂದ 4 ನಿಮಿಷ ಕಲಸಿ. ಡ್ರಿಲ್ಲಿಗೆ ಪಂಖ ಹಾಕುವುದಾದರೆ ಅದನ್ನು ಬಕೆಟ್ಟಿನ ನಟ್ಟನಡುವೆ ನೆಟ್ಟಗೆ ಹಿಡಿಯದೆ ಸ್ವಲ್ಪ ಓರೆಯಾಗಿ, ತಳಕ್ಕೆ ಹತ್ತಿರ ಹಿಡಿಯಿರಿ. ಸುಳಿ ಎದ್ದರೆ ಗಾಳಿ ಒಳಗೆ ಹೋಗುತ್ತದೆ. ಕಡಿಮೆ ಕಲಸಿದರೆ ಅಚ್ಚು ಮೆತ್ತಗೆ, ಹೆಚ್ಚು ಕಲಸಿದರೆ ಸುರಿಯುವ ಮೊದಲೇ ಗಟ್ಟಿ. ಬೆರಳಿಂದ ಮೇಲ್ಮೈಯಲ್ಲಿ ಗೆರೆ ಎಳೆದಾಗ ಅದು ಒಂದು ಕ್ಷಣ ಉಳಿದು ಮುಚ್ಚಿಕೊಂಡರೆ ಸುರಿಯುವ ಹದ. ಅದಕ್ಕಿಂತ ಮೊದಲು ಸುರಿದರೆ ಪುಡಿ ತಳಕ್ಕಿಳಿದು ಅಚ್ಚಿನ ಒಂದು ಮೈ ಗಟ್ಟಿ, ಇನ್ನೊಂದು ಮೈ ಮೆದು ಆಗುತ್ತದೆ. ಮಾದರಿಯ ಮೇಲೆ ನೇರ ಸುರಿಯದೆ ಒಂದು ಮೂಲೆಯಿಂದ ಬಿಡಿ, ಮಟ್ಟ ತಾನಾಗಿ ಏರಲಿ. ತುಂಬಿದ ಮೇಲೆ ಹಲಗೆಯನ್ನು ತಟ್ಟಿ.

ದಪ್ಪವಾಯಿತೆಂದು ನಡುವೆ ನೀರು ಸೇರಿಸುವುದು ಯಾವ ಕಾರಣಕ್ಕೂ ಕೂಡದು. ಆಗತಾನೇ ಕೂಡಿಕೊಳ್ಳುತ್ತಿರುವ ಹರಳುಗಳು ಮುರಿದು ಅಚ್ಚು ಪುಡಿಪುಡಿಯಾಗುತ್ತದೆ. ಬಕೆಟ್ಟಿನಲ್ಲಿ ಹಿಂದಿನ ಸಲದ ಗಟ್ಟಿ ಚೂರು ಇದ್ದರೆ ಅದೇ ಬೀಜವಾಗಿ ಇಡೀ ಮಿಶ್ರಣ ಬೇಗ ಹೆಪ್ಪುಗಟ್ಟುತ್ತದೆ, ಹಾಗಾಗಿ ಪ್ರತಿ ಸಲವೂ ಚೊಕ್ಕಟ ಬಕೆಟ್. ಮೃದು ಪ್ಲಾಸ್ಟಿಕ್ಕಿನದಾದರೆ ಒಣಗಿದ ಮೇಲೆ ಹಿಂಡಿದರೆ ಸಾಕು, ಉದುರಿಬಿಡುತ್ತದೆ. ತೊಳೆದ ನೀರನ್ನು ಸಿಂಕಿಗೆ ಬಿಡಬೇಡಿ, ಪೈಪಿನೊಳಗೇ ಗಟ್ಟಿಯಾಗುತ್ತದೆ. ಪುಡಿ ಹಾಕುವಾಗ ಮಾಸ್ಕ್ ಇರಲಿ. ಕೈ ಅಥವಾ ಕಾಲಿನ ಅಚ್ಚು ತೆಗೆಯಲೆಂದು ಯಾರೂ ಅದರಲ್ಲಿ ಅಂಗ ಹುದುಗಿಸಬಾರದು. ದೊಡ್ಡ ಮುದ್ದೆ ಹೆಪ್ಪುಗಟ್ಟುವಾಗ 60 ಡಿಗ್ರಿವರೆಗೂ ಬಿಸಿಯೇರಿ ತೀವ್ರ ಸುಟ್ಟಗಾಯವಾಗುತ್ತದೆ.

ಪ್ಲಾಸ್ಟರಿನ ಮೇಲೆ ಪ್ಲಾಸ್ಟರ್ ಸುರಿಯುವಾಗ ಮಾತ್ರ ಮೆದು ಸೋಪು ಬೇಕು. ಹಚ್ಚಿ, ಒದ್ದೆ ಸ್ಪಂಜಿನಿಂದ ಒರೆಸಿ, ಹೀಗೆ ಮೂರು ಸಲ. ಮೈ ಹೊಳೆಯಬೇಕು, ನೊರೆ ಎಲ್ಲೂ ನಿಲ್ಲಬಾರದು. ಉಳಿದ ಸೋಪು ಹೊಸ ಅಚ್ಚಿನ ಮೈಗೆ ಹತ್ತಿ ರಂಧ್ರ ಮುಚ್ಚುತ್ತದೆ. ಮುಂದೆ ಸ್ಲಿಪ್ ಸುರಿದಾಗ ಆ ಜಾಗದಲ್ಲಿ ತೆಳು ಕಲೆ ಕಾಣುವುದು ಇದರಿಂದಲೇ. ಜೇಡಿಮಣ್ಣಿನ ಮಾದರಿಗೆ ಏನೂ ಹಚ್ಚಬೇಕಿಲ್ಲ. ಅಚ್ಚು ಬಿಸಿಯೇರಿ, ಮತ್ತೆ ಆರಲು ಶುರುವಾದ ಮೇಲೆ ಬಿಚ್ಚಿ.

ಒಂದೇ ಅಚ್ಚಿನ ಎಲ್ಲ ಭಾಗಗಳಿಗೂ ಒಂದೇ ಚೀಲ, ಒಂದೇ ಪ್ರಮಾಣ, ಒಂದೇ ಕಲಸುವ ಸಮಯ. ಇದನ್ನು ಒತ್ತಿ ಹೇಳುತ್ತೇನೆ. ಎಡಭಾಗ 65, ಬಲಭಾಗ 75 ಆದರೆ ಎರಡೂ ಬೇರೆ ಬೇರೆ ವೇಗದಲ್ಲಿ ಹೀರುತ್ತವೆ, ಪಾತ್ರೆಯ ಒಂದು ಪಕ್ಕ ತೆಳುವಾಗುತ್ತದೆ, ಕಿಲ್ನಿನಲ್ಲಿ ಸೊಟ್ಟಗಾಗುತ್ತದೆ. ಆಮೇಲೆ ಮಣ್ಣನ್ನು ಬೈಯುತ್ತ ಕೂರುತ್ತೇವೆ.

ಗೊತ್ತಿಲ್ಲದ ಚೀಲ ಬಂದರೆ 60, 70, 80ರಲ್ಲಿ ಒಂದೊಂದು ಸಣ್ಣ ಲೋಟದ ಅಚ್ಚು ಹೊಯ್ಯಿರಿ. ಮೂರನ್ನೂ ಒಟ್ಟಿಗೆ ಒಣಗಿಸಿ, ಒಂದೇ ಸ್ಲಿಪ್ ತುಂಬಿ, 15 ನಿಮಿಷಕ್ಕೆ ಬಗ್ಗಿಸಿ. ಲೋಟವನ್ನು ಉದ್ದಕ್ಕೆ ಕೊಯ್ದು ಗೋಡೆಯ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ, ಅಚ್ಚಿನ ಅಂಚನ್ನು ಉಗುರಿನಿಂದ ಕೆರೆದು ನೋಡಿ. ಸಾಕಷ್ಟು ದಪ್ಪ ಕಟ್ಟಿ, ಅಂಚು ಉದುರದಿರುವ ಪ್ರಮಾಣವೇ ನಿಮ್ಮದು. ಸ್ಲಿಪ್ ಕಟ್ಟುವುದು ಸಮಯದ ವರ್ಗಮೂಲದ ಲೆಕ್ಕದಲ್ಲಿ: ದಪ್ಪ ಎರಡರಷ್ಟು ಬೇಕಾದರೆ ಸಮಯ ನಾಲ್ಕರಷ್ಟು. ದಪ್ಪ ಕಡಿಮೆಯಾಯಿತೆಂದು ನೀರಿನ ಪ್ರಮಾಣ ಏರಿಸುವ ಮೊದಲು ಇದು ನೆನಪಿರಲಿ.

ಒಣಗಿದ್ದು ಹೇಗೆ ಗೊತ್ತಾಗಬೇಕು? ಕೆನ್ನೆಗೆ ಒತ್ತಿ ತಂಪು ನೋಡುವವರಿದ್ದಾರೆ, ನನಗೆ ತಕ್ಕಡಿಯ ಮೇಲೆ ನಂಬಿಕೆ. ಮೇಲಿನ 3 ಲೀಟರಿನ ಅಚ್ಚನ್ನೇ ತೆಗೆದುಕೊಳ್ಳಿ. ಸುರಿದದ್ದು 4.72 ಕೆಜಿ. ಪುಡಿಯ ತೂಕವನ್ನು 1.186ರಿಂದ ಗುಣಿಸಿದರೆ ಪೂರ್ತಿ ಒಣಗಿದಾಗಿನ ತೂಕ: ಸುಮಾರು 3.29 ಕೆಜಿ. ಅಂದರೆ ಸುಮಾರು ಶೇ. 30 ಇಳಿಯಬೇಕು. ಆ ಅಂಕಿಯನ್ನು ಅಚ್ಚಿನ ಬೆನ್ನ ಮೇಲೇ ಪೆನ್ಸಿಲ್‌ನಲ್ಲಿ ಬರೆದಿಡಿ, ಮುಂದೆ ದಿನವೂ ಉಪಯೋಗಕ್ಕೆ ಬರುತ್ತದೆ. ಒಣಗಿಸುವಾಗ ಭಾಗಗಳನ್ನು ಜೋಡಿಸಿ ಪಟ್ಟಿ ಬಿಗಿದಿಡಿ. ಬಿಡಿಬಿಡಿಯಾಗಿ ಇಟ್ಟರೆ ಬಾಗುತ್ತವೆ, ಜೊತೆಗೆ ಲವಣ ಒಳಮೈಗೆ ಬಂದು ಕೂರುತ್ತದೆ. ಗಾಳಿ ಆಡುತ್ತಿರಲಿ, ಬಿಸಿ 45 ಡಿಗ್ರಿ ದಾಟದಿರಲಿ. ಒದ್ದೆ ಇರುವವರೆಗೆ ಆವಿಯಾಗುವ ನೀರೇ ಅಚ್ಚನ್ನು ತಂಪಾಗಿಡುತ್ತದೆ, ಒಣಗಿದ ಮೇಲೆ ಆ ರಕ್ಷಣೆ ಇಲ್ಲ. ಜಿಪ್ಸಮ್ಮಿನ ಒಳಗಿನ ನೀರೇ ಹೊರಟು ಮೂಲೆಗಳು ಸೀಮೆಸುಣ್ಣದ ಹಾಗೆ ಉದುರುತ್ತವೆ. ಹಾಗೆ ಸುಟ್ಟ ಅಚ್ಚನ್ನು ಮತ್ತೆ ಸರಿಮಾಡಲಾಗದು. ಹಾಗೆಯೇ ಪೂರ್ತಿ ಒಣಗಿದ ಅಚ್ಚಿಗೆ ಸ್ಲಿಪ್ ಸುರಿಯುವುದಕ್ಕಿಂತ ಒಳಗೆ ಒಮ್ಮೆ ಒದ್ದೆ ಸ್ಪಂಜು ಆಡಿಸುವುದು ಮೇಲು. ತೀರಾ ಒಣ ಮೈ ಮಣ್ಣನ್ನು ರಭಸದಿಂದ ಎಳೆದು ಹಿಡಿದುಕೊಳ್ಳುತ್ತದೆ.

ಅಚ್ಚನ್ನು ಸವೆಸುವುದು ಬಳಕೆಗಿಂತ ಹೆಚ್ಚಾಗಿ ಸ್ಲಿಪ್‌ನಲ್ಲಿರುವ ಸೋಡಿಯಂ ಸಿಲಿಕೇಟ್ ಮತ್ತು ಸೋಡಾ ಆ್ಯಶ್. ಇವು ಜಿಪ್ಸಮ್ ಜೊತೆ ಸೇರಿ ರಂಧ್ರಗಳನ್ನು ಕಟ್ಟುತ್ತವೆ, ಹೊರಮೈಯಲ್ಲಿ ಬಿಳಿ ಹತ್ತಿಯಂಥ ಸೋಡಿಯಂ ಸಲ್ಫೇಟ್ ಮೂಡುತ್ತದೆ. ಅದನ್ನು ಒಣ ಬ್ರಷ್ಷಿನಲ್ಲಿ ತೆಗೆಯಿರಿ. ಪಾಲಿಅಕ್ರಿಲೇಟ್ ಮಾದರಿಯ ಡಿಫ್ಲಾಕ್ಯುಲಂಟ್ (ಕಡಿಮೆ ನೀರಿಗೇ ಸ್ಲಿಪ್ ಹರಿಯುವಂತೆ ಮಾಡುವ ಪದಾರ್ಥ) ಬಳಸಿದರೆ ಅಚ್ಚು ಹೆಚ್ಚು ಕಾಲ ಬಾಳುತ್ತದೆ. ಚೆನ್ನಾಗಿ ನೋಡಿಕೊಂಡ ಕಾಸ್ಟಿಂಗ್ ಅಚ್ಚಿನಿಂದ ನೂರರ ಹತ್ತಿರ ಪಾತ್ರೆ ತೆಗೆಯಬಹುದು. ಸಣ್ಣ ಗೆರೆಗಳು ಮಸುಕಾದಾಗ, ಅಥವಾ ಕಟ್ಟುವ ಸಮಯ ಗಣನೀಯವಾಗಿ ಏರಿದಾಗ ಅದನ್ನು ಕೈಬಿಡುತ್ತೇನೆ. ಅಂಚಿನಿಂದ ಚೂರು ಬೀಳತೊಡಗಿದರೆ ಆ ಕ್ಷಣವೇ ಕೈಬಿಡಬೇಕು. ಮಣ್ಣಿಗೆ ಬೆರೆತ ಪ್ಲಾಸ್ಟರ್ ಕಣ ಸುಟ್ಟ ಮೇಲೆ ತೇವ ಹೀರಿ ಉಬ್ಬಿ, ಎಷ್ಟೋ ದಿನ ಬಿಟ್ಟು ಪಾತ್ರೆಯ ಮೈಯಿಂದ ಚಕ್ಕೆ ಎಬ್ಬಿಸುತ್ತದೆ. ಅಚ್ಚಿನ ಅಂಚು ಹೆರೆಯುವ ಚಾಕು, ಸ್ಪಂಜು, ಮೇಜು ಮಣ್ಣಿನ ಕೆಲಸದಿಂದ ದೂರವೇ ಇರಲಿ.

ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ. ಬಿಚ್ಚಿದ ಮೇಲೆ ಉಳಿದದ್ದನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಬಿಚ್ಚಿದ ದಿನಾಂಕ ಬರೆಯಿರಿ. ಗಾಳಿಯ ತೇವ ಹೀರಿದ ಪುಡಿಯ ಹೆಪ್ಪುಗಟ್ಟುವ ಸಮಯ ಏರುಪೇರಾಗುತ್ತದೆ, ಬಲವೂ ಹೋಗುತ್ತದೆ. ಹೊಸ ಚೀಲದಿಂದ 100 ಗ್ರಾಂ ಕಲಸಿ ಎಷ್ಟು ನಿಮಿಷಕ್ಕೆ ಗಟ್ಟಿಯಾಯಿತೆಂದು ಡಬ್ಬಿಯ ಮೇಲೆಯೇ ಬರೆದಿಟ್ಟುಕೊಂಡಿದ್ದರೆ, ಮೂರು ತಿಂಗಳ ನಂತರ ಅದೇ ಪರೀಕ್ಷೆ ಮಾಡಿ ಹೋಲಿಸಬಹುದು. ಸಮಯ ಬಹಳ ಬದಲಾಗಿದ್ದರೆ, ಅಥವಾ ಜರಡಿಯಲ್ಲಿ ಬೆರಳಿಗೆ ಒಡೆಯದ ಗಂಟು ಉಳಿದರೆ, ಆ ಪುಡಿಯನ್ನು ಅಚ್ಚಿಗೆ ಬಳಸಬೇಡಿ.